ಹದಿನೆಂಟರ ಹರೆಯ, ನಲವತ್ತೆರಡು ಕಿಲೋಮೀಟರ್

ಜಮಖಂಡಿಯ ಪೋಲೊ ಮೈದಾನಕ್ಕೆ ನಸುಕಿನಲ್ಲಿ ಹೋದರೆ ಓಡುವ ಹುಡುಗರೇ ಕಾಣುತ್ತಾರೆ. ಪೊಲೀಸ್ ಭರ್ತಿಗೆ, ಮಿಲಿಟರಿ ಭರ್ತಿಗೆ ತಯಾರಾಗುತ್ತಿರುವವರು. ಕೆಲವರ ಕಾಲಲ್ಲಿ ಶೂ ಇರುತ್ತದೆ, ಕೆಲವರದು ಬರಿಗಾಲು. ಮಾಜಿ ಸೈನಿಕರೊಬ್ಬರು ಮೊಬೈಲಿನಲ್ಲಿ ಸಮಯ ಹಚ್ಚಿಕೊಂಡು ಬದಿಗೆ ನಿಂತಿರುತ್ತಾರೆ. ಓಟ ಮುಗಿಸಿದ ಹುಡುಗ ಮೊಣಕಾಲ ಮೇಲೆ ಕೈಯೂರಿ, ಬಗ್ಗಿದವನು ಬಗ್ಗಿದ ಹಾಗೇ ಕೇಳುತ್ತಾನೆ: "ಸರ್, ಎಷ್ಟಾತ್ರಿ?" "ಆರು ನಲವತ್ತು. ಇನ್ನ ಹತ್ತ ಸೆಕೆಂಡ್ ಕಳಿಬೇಕಲೇ ತಮ್ಮಾ." ಆ ಹತ್ತು ಸೆಕೆಂಡಿಗಾಗಿ ತಿಂಗಳುಗಟ್ಟಲೆ ಒದ್ದಾಟ. ಕಾನ್‌ಸ್ಟೆಬಲ್ ಹುದ್ದೆಗೆ ಗಂಡುಹುಡುಗರು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಿ ಮುಗಿಸಬೇಕು. ಒಂದು ಸೆಕೆಂಡ್ ಹೆಚ್ಚಾದರೂ ಮನೆಗೆ ನಡೆ.

ಆರೂವರೆ ನಿಮಿಷ ಅಂದರೆ ಕಿಲೋಮೀಟರಿಗೆ 4 ನಿಮಿಷ 4 ಸೆಕೆಂಡ್. ಈ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ನೂರು ವರ್ಷ ಹಿಂದಕ್ಕೆ ಹೋಗೋಣ. 1920ರ ಆಗಸ್ಟ್ 22, ಭಾನುವಾರ. ಬೆಲ್ಜಿಯಂ ದೇಶದ ಆಂಟ್‌ವರ್ಪ್ ಊರಿನಲ್ಲಿ ಒಲಿಂಪಿಕ್ಸ್ ಮ್ಯಾರಥಾನ್. ಬೆಳಗಾವಿಯ ಹದಿನೆಂಟು ವರ್ಷದ ಹುಡುಗನೊಬ್ಬ ಅಂದು 42.75 ಕಿಲೋಮೀಟರ್ ದೂರವನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಓಡಿ ಮುಗಿಸಿದ. ಭಾಗಿಸಿ ನೋಡಿ: ಕಿಲೋಮೀಟರಿಗೆ ನಾಲ್ಕು ನಿಮಿಷವೂ ಪೂರ್ತಿ ಹಿಡಿಯಲಿಲ್ಲ. ನಮ್ಮ ಹುಡುಗರು ಉಸಿರು ಕಟ್ಟಿ ಪಾಸಾಗುವ ಆ ಪರೀಕ್ಷೆಯನ್ನು ಅವನು ನಡುವೆ ಎಲ್ಲಿಯೂ ನಿಲ್ಲದೆ, ಒಂದರ ಬೆನ್ನಿಗೆ ಒಂದರಂತೆ ಇಪ್ಪತ್ತಾರು ಸಲ ಪಾಸು ಮಾಡಿದ. ಅದರ ಮೇಲೆ ಇನ್ನೂ ಒಂದು ಕಿಲೋಮೀಟರಿಗಿಂತ ಹೆಚ್ಚು ಓಡಿದ. ಜಮಖಂಡಿಯಿಂದ ಬನಹಟ್ಟಿಗೆ ಹೋಗಿ, ಅಲ್ಲಿಂದ ತಿರುಗಿ ಬಂದರೂ ಆ ದೂರ ತುಂಬುವುದಿಲ್ಲ.

ಅವರ ಹೆಸರು ಫಡೆಪ್ಪ ದರೆಪ್ಪ ಚೌಗುಲೆ. ಒಲಿಂಪಿಕ್ಸ್ ಮ್ಯಾರಥಾನ್ ಓಡಿ ಮುಗಿಸಿದ ಮೊದಲ ಭಾರತೀಯ. ಹತ್ತೊಂಬತ್ತನೆಯ ಸ್ಥಾನ.

ತೇರದಾಳ, ರಬಕವಿ, ಬನಹಟ್ಟಿ, ಜಮಖಂಡಿ ಕಡೆಯ ಯಾವ ಊರಿಗೆ ಹೋದರೂ ಒಬ್ಬ ದರೆಪ್ಪ ಸಿಗುತ್ತಾನೆ, ಚೌಗಲಾ ಮನೆತನ ಸಿಗುತ್ತದೆ. ಬೆಳಗಾವಿಯವರಾದರೂ ಹೆಸರಿನಿಂದ ಅವರು ನಮ್ಮ ಸೀಮೆಯವರೇ. ಆದರೂ ನಮ್ಮ ಕಟ್ಟೆಗಳ ಮೇಲೆ ಕುಳಿತ ಹಿರಿಯರನ್ನು ಕೇಳಿ. ಐವತ್ತು ವರ್ಷದ ಹಿಂದೆ ಯಾವ ಜಾತ್ರೆಯಲ್ಲಿ ಯಾವ ಪೈಲ್ವಾನ ಯಾರನ್ನು ಯಾವ ಪಟ್ಟಿನಲ್ಲಿ ಚಿತ್ ಮಾಡಿದ, ಬೆಳ್ಳಿ ಕಡಗ ಯಾರಿಗೆ ಹೋಯಿತು ಎಂದು ಅವರು ಬಾಯಿಪಾಠ ಹೇಳುತ್ತಾರೆ. ಫಡೆಪ್ಪ ಚೌಗುಲೆ ಅಂದರೆ ಮುಖ ನೋಡುತ್ತಾರೆ. ಅವರ ತಪ್ಪಲ್ಲ. ಯಾವುದನ್ನು ನೆನಪಿಡಬೇಕು, ಯಾವುದನ್ನು ಬಿಡಬೇಕು ಎನ್ನುವುದು ಈ ಭಾಗದಲ್ಲಿ ಬಹಳ ಹಿಂದೆಯೇ ನಿಶ್ಚಯವಾಗಿ ಹೋಗಿತ್ತು.

ಆಗಿನ ಕಾಲದ ನಕಾಶೆ ನೋಡಿದರೆ ಇದು ತಿಳಿಯುತ್ತದೆ. ಜಮಖಂಡಿ ಪಟವರ್ಧನರದು. ಮುಧೋಳ ಘೋರ್ಪಡೆಯವರದು. ಒಂದಕ್ಕೊಂದು ಅಂಟಿಕೊಂಡ ರಬಕವಿ ಮತ್ತು ಬನಹಟ್ಟಿ ಇಬ್ಬರು ದೊರೆಗಳ ಪಾಲು, ರಬಕವಿ ಸಾಂಗಲಿಗೆ, ಬನಹಟ್ಟಿ ಜಮಖಂಡಿಗೆ. ಬೀಳಗಿ ನೇರವಾಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿತ್ತು. ಚೂರುಚೂರಾದ ಈ ಸೀಮೆಯಲ್ಲಿ ಎಲ್ಲ ದೊರೆಗಳಿಗೂ ಸಮಾನವಾಗಿ ಇದ್ದ ಹುಚ್ಚು ಕುಸ್ತಿ. ಕೊಲ್ಹಾಪುರದ ಶಾಹು ಮಹಾರಾಜರು 1912ರ ಹೊತ್ತಿಗೆ ಖಾಸಬಾಗ ಎಂಬ ದೊಡ್ಡ ಕುಸ್ತಿ ಮೈದಾನವನ್ನೇ ಕಟ್ಟಿಸಿದರು. ನಮ್ಮ ಕಡೆಯ ತಾಲೀಮುಗಳಲ್ಲಿ ಬೆವರು ಸುರಿಸಿದ ಹುಡುಗರಿಗೆ ಕಾಶಿಯೂ ಅದೇ, ರಾಮೇಶ್ವರವೂ ಅದೇ. ಪೈಲ್ವಾನನಿಗೆ ಹಾಲು, ತುಪ್ಪ, ಬಾದಾಮಿ ಒದಗಿಸುವುದು ಸಂಸ್ಥಾನಕ್ಕೆ ಪ್ರತಿಷ್ಠೆಯ ಮಾತಾಗಿತ್ತು. ಊರು ಬಡವಾಗಿದ್ದರೆ ಊರಿನವರೇ ಸೇರಿ ಹಸು ಕಟ್ಟಿಕೊಡುತ್ತಿದ್ದರು. ಕುಸ್ತಿಗೆ ಕೆಂಪು ಮಣ್ಣಿನ ಕಣವಿತ್ತು, ಹಲಗೆಯ ಸದ್ದಿತ್ತು, ಸುತ್ತ ಕುಳಿತು ನೋಡುವ ಸಾವಿರ ಕಣ್ಣುಗಳಿದ್ದವು.

ಓಟಕ್ಕೆ ಏನಿತ್ತು? ಓಟ ಅಂದರೆ ಕೆಲಸ. ಟಪಾಲು ಹೊತ್ತವರು ಓಡುತ್ತಿದ್ದರು, ದೊರೆಯ ಕುದುರೆಯ ಮುಂದೆ ಆಳುಗಳು ಓಡುತ್ತಿದ್ದರು, ತಪ್ಪಿಸಿಕೊಂಡ ಎತ್ತಿನ ಹಿಂದೆ ರೈತರ ಮಕ್ಕಳು ಓಡುತ್ತಿದ್ದರು. ಕಾರಹುಣ್ಣಿಮೆಯ ದಿನ ಕರಿ ಹರಿಯುವಾಗ ಎತ್ತುಗಳ ಓಟಕ್ಕಿದ್ದ ಮರ್ಯಾದೆ ಮನುಷ್ಯನ ಓಟಕ್ಕೆ ಇರಲಿಲ್ಲ. ಮುಧೋಳದ ಬೇಟೆನಾಯಿಯ ಓಟವನ್ನು ಮಾಲೋಜಿರಾವ್ ಘೋರ್ಪಡೆ ಗುರುತಿಸಿ ಸಾಕಿ ಬೆಳೆಸಿದರು. ಅವರು ಕೊಟ್ಟ ನಾಯಿಗಳು ಐದನೆಯ ಜಾರ್ಜ್ ದೊರೆಯವರೆಗೂ ಹೋದವು. ಅದೇ ಹೊಲಗಳಲ್ಲಿ ಅದೇ ಮೊಲದ ಹಿಂದೆ ಓಡುತ್ತಿದ್ದ ಹುಡುಗರ ಕಾಲುಗಳನ್ನು ಯಾರೂ ನೋಡಿರಲಿಲ್ಲ.

ನೋಡಿದವರು ಹೊರಗಿನವರು. ಪುಣೆಯಲ್ಲಿ 1906ರಲ್ಲಿ ಹುಟ್ಟಿದ ಡೆಕ್ಕನ್ ಜಿಮಖಾನಾಕ್ಕೆ ಆಗ ದೊರಾಬ್ಜಿ ಟಾಟಾ ಅಧ್ಯಕ್ಷರು. ಜೆಮ್‌ಶೆಟ್‌ಜಿ ಟಾಟಾ ಅವರ ಹಿರಿಯ ಮಗ, ಇಂಗ್ಲೆಂಡಿನಲ್ಲಿ ಓದುವಾಗಲೇ ಆಟದ ರುಚಿ ಹತ್ತಿಸಿಕೊಂಡವರು. ಜಿಮಖಾನಾದ ಕ್ರೀಡಾಕೂಟಕ್ಕೆ ಬಂದ ಓಟಗಾರರನ್ನು ನೋಡಿ ಅವರಿಗೆ ಆಶ್ಚರ್ಯವಾಯಿತು. ಬಂದವರಲ್ಲಿ ಹೆಚ್ಚಿನವರು ಹೊಲದಲ್ಲಿ ದುಡಿಯುವ ಮನೆಗಳ ಹುಡುಗರು. ಆಧುನಿಕ ತರಬೇತಿ ಅಂದರೇನು ಎಂದು ಗೊತ್ತಿಲ್ಲ, ನಿಯಮ ಗೊತ್ತಿಲ್ಲ. ನೂರು ಗಜದ ಓಟವನ್ನು ನೇರ ದಾರಿಯಲ್ಲಿ ಹಗ್ಗ ಕಟ್ಟಿ ಓಡಿಸಬೇಕು, ತಿರುವಿನಲ್ಲಿ ಓಡಿಸಬಾರದು ಎನ್ನುವುದನ್ನು ದೊರಾಬ್ಜಿಯವರೇ ಹೇಳಿಕೊಡಬೇಕಾಯಿತು. ಆದರೆ ಬೇಸಿಗೆಯ ಬಿಸಿಲಿನಲ್ಲಿ, ಬರಿಗಾಲಿನಲ್ಲಿ, ಉಬ್ಬುತಗ್ಗಿನ ಹುಲ್ಲುನೆಲದ ಮೇಲೆ ಈ ಹುಡುಗರು ಓಡಿದ ವೇಳೆ ಯುರೋಪಿನವರ ವೇಳೆಗೆ ಬಹಳ ದೂರವೇನೂ ಇರಲಿಲ್ಲ. ಅಷ್ಟು ಸಾಕಾಯಿತು. ಮುಂಬೈ ಗವರ್ನರ್ ಜಾರ್ಜ್ ಲಾಯ್ಡ್ ಅವರ ಸಹಾಯ ಕೇಳಿ, ಒಲಿಂಪಿಕ್ಸಿಗೆ ಭಾರತದಿಂದ ತಂಡ ಕಳಿಸುವ ವ್ಯವಸ್ಥೆಗೆ ಕೈಹಾಕಿದರು. ತಮ್ಮ ಹಣವನ್ನೂ ಹಾಕಿದರು. ಇದನ್ನೆಲ್ಲ ಅವರು ಮುಂದೆ 1929ರಲ್ಲಿ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ ವಿವರವಾಗಿ ಹೇಳಿದ್ದಾರೆ.

ಆ ಹುಡುಗರ ಹಿಂದೆ ಎಂಥ ಎರಡು ವರ್ಷಗಳು ಕಳೆದಿದ್ದವು ಎನ್ನುವುದನ್ನೂ ನೆನೆಯಬೇಕು. 1918ರಲ್ಲಿ ಮಳೆ ಕೈಕೊಟ್ಟಿತು. ಅದೇ ವರ್ಷ ಇನ್‌ಫ್ಲೂಯೆಂಜಾ ಬಂತು. ಮುಂಬೈ ಪ್ರಾಂತವೊಂದರಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಬೆಳಗಾವಿ, ವಿಜಾಪುರ, ಧಾರವಾಡ ಜಿಲ್ಲೆಗಳೆಲ್ಲ ಆಗ ಅದೇ ಪ್ರಾಂತದವು. ಸಾವು ಹೆಚ್ಚು ಬಡಿದದ್ದು ಹರೆಯದವರಿಗೇ. 1902ರಲ್ಲಿ ಹುಟ್ಟಿದ ಫಡೆಪ್ಪ ಆಗ ಹದಿನಾರರ ಹುಡುಗ. ಆ ಬರ ಮತ್ತು ಬೇನೆಯನ್ನು ದಾಟಿ ಎರಡೇ ವರ್ಷದಲ್ಲಿ ಅವರ ಶ್ವಾಸಕೋಶ ಆಂಟ್‌ವರ್ಪಿನ ದಾರಿಯಲ್ಲಿ ಮೂರು ಗಂಟೆಗೆ ಹತ್ತಿರ ಒಂದೇ ಲಯದಲ್ಲಿ ದುಡಿಯಿತು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಆ ಹತ್ತೊಂಬತ್ತನೆಯ ಸ್ಥಾನ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ.

ತಂಡದಲ್ಲಿ ಸ್ಪರ್ಧಿಗಳು ಆರು ಜನ. ಧ್ವಜ ಹಿಡಿದ ಬಂಗಾಳದ ಪೂರ್ಮ ಬ್ಯಾನರ್ಜಿ ಕಡಿಮೆ ದೂರದ ಓಟಗಾರ. ದೂರದ ಓಟಕ್ಕೆ ಚೌಗುಲೆ, ಸದಾಶಿವ ದಾತಾರ್, ಎಚ್.ಡಿ. ಕೈಕಾಡಿ. ಕುಸ್ತಿಗೆ ಕುಮಾರ್ ನವಲೆ ಮತ್ತು ರಣಧೀರ್ ಶಿಂದೆ. ಮುಂಬೈನಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ, ಅಲ್ಲಿಂದ ಆಂಟ್‌ವರ್ಪ್ ತಲುಪಿದರು. ಮಹಾಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ. 1916ರ ಒಲಿಂಪಿಕ್ಸ್ ಯುದ್ಧದಿಂದಾಗಿ ರದ್ದಾಗಿತ್ತು. ಯುದ್ಧದಲ್ಲಿ ಬಹಳ ನೊಂದ ಬೆಲ್ಜಿಯಂಗೆ ಗೌರವವೆಂದು 1920ರ ಕೂಟವನ್ನು ಕೊಟ್ಟಿದ್ದರು. ಐದು ಬಳೆಗಳ ಒಲಿಂಪಿಕ್ ಧ್ವಜ ಕೂಟದಲ್ಲಿ ಮೊದಲ ಸಲ ಹಾರಿದ್ದು ಅಲ್ಲೇ. ಕ್ರೀಡಾಪಟುಗಳ ಪ್ರತಿಜ್ಞಾವಿಧಿ ಶುರುವಾದದ್ದೂ ಅಲ್ಲೇ.

ಕುಸ್ತಿಯಲ್ಲಿ ರಣಧೀರ್ ಶಿಂದೆ ನಾಲ್ಕನೆಯವರಾದರು. ಕೈಗೆ ಬಂದ ಪದಕ ಬಾಯಿಗೆ ಬರಲಿಲ್ಲ. ಹತ್ತು ಸಾವಿರ ಮೀಟರ್ ಓಟದಲ್ಲಿ ಚೌಗುಲೆ ಫೈನಲ್ ತಲುಪಲಿಲ್ಲ. ಉಳಿದದ್ದು ಮ್ಯಾರಥಾನ್.

ಅಂದು ಆಂಟ್‌ವರ್ಪಿನಲ್ಲಿ ಮಳೆ, ಚಳಿ. ಮ್ಯಾರಥಾನ್ ದೂರ ಆಗಿನ್ನೂ 42.195 ಕಿಲೋಮೀಟರ್ ಎಂದು ಗಟ್ಟಿಯಾಗಿರಲಿಲ್ಲ, ಅದು ಆದದ್ದು ಮರುವರ್ಷ. ಆಂಟ್‌ವರ್ಪಿನ ದಾರಿ ಒಲಿಂಪಿಕ್ಸ್ ಇತಿಹಾಸದಲ್ಲೇ ಅತಿ ಉದ್ದದ್ದು, ಈಗಿನದಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಓಡಲು ನಿಂತವರು ನಲವತ್ತಕ್ಕೂ ಮೇಲ್ಪಟ್ಟು. ದಕ್ಷಿಣ ಆಫ್ರಿಕದ ಕ್ರಿಸ್ಟಿಯನ್ ಗಿಟ್ಶಮ್ ಮೊದಲಿಗೆ ಮುಂದಿದ್ದರು. ಅವರ ಬೆನ್ನಿಗೆ ಬಂದವರು ಫಿನ್ಲೆಂಡಿನ ಹಾನೆಸ್ ಕೋಲೆಹ್ಮೈನೆನ್. 1912ರಲ್ಲಿ ಸ್ಟಾಕ್‌ಹೋಮಿನಲ್ಲಿ ಮೂರು ಚಿನ್ನ ಗೆದ್ದು, ಯುದ್ಧದಿಂದಾಗಿ ಎಂಟು ವರ್ಷ ಕಾದು ಬಂದವರು. ಕೊನೆಯ ಹಂತದಲ್ಲಿ ಎಸ್ಟೋನಿಯದ ಯೂರಿ ಲೋಸ್ಮನ್ ಹತ್ತಿರ ಹತ್ತಿರ ಬಂದರು. ಇನ್ನು ಸ್ವಲ್ಪ ದೂರ ಇದ್ದಿದ್ದರೆ ಹಿಡಿದೇಬಿಡುತ್ತಿದ್ದರೇನೋ. ಕೋಲೆಹ್ಮೈನೆನ್ ಗೆದ್ದದ್ದು ಬರೀ 13 ಸೆಕೆಂಡಿನಲ್ಲಿ. ಮೂರನೆಯವರಾಗಿ ಬಂದ ಇಟಲಿಯ ವಲೇರಿಯೊ ಅರ‍್ರಿ ಅಷ್ಟು ಓಡಿದ ಮೇಲೂ ಖುಷಿಗೆ ಲಾಗ ಹಾಕಿದರಂತೆ.

ಇವರೆಲ್ಲ ಬಂದು ಮೈ ಒರೆಸಿಕೊಳ್ಳುವ ಹೊತ್ತಿಗೆ ಒಬ್ಬೊಬ್ಬರಾಗಿ ಉಳಿದವರು ಬರತೊಡಗಿದರು. ಅನೇಕರು ದಾರಿಯಲ್ಲೇ ಕೈಬಿಟ್ಟಿದ್ದರು. ಜೊತೆಗೆ ಹೊರಟ ದಾತಾರ್ ಕೂಡ ಮುಗಿಸಲಿಲ್ಲ. ಕೋಲೆಹ್ಮೈನೆನ್ ಮುಗಿಸಿದ ಹದಿನೆಂಟು ನಿಮಿಷಗಳ ಮೇಲೆ ಫಡೆಪ್ಪ ಚೌಗುಲೆ ಬಂದರು. ನಮ್ಮ ಕಡೆಯ ಬಿಸಿಲು ಉಂಡ ಮೈ ಆ ಚಳಿಮಳೆಯಲ್ಲಿ, ಗೊತ್ತಿಲ್ಲದ ದಾರಿಯಲ್ಲಿ, ಗೊತ್ತಿಲ್ಲದ ಊಟ ಉಂಡು, ಭಾಷೆ ಬರದ ಜನರ ನಡುವೆ ಓಡಿ ಬಂದಿತ್ತು.

ವಯಸ್ಸಿನ ಮಾತನ್ನು ನಾನು ಮತ್ತೆ ಎತ್ತುತ್ತೇನೆ, ಏಕೆಂದರೆ ಈ ಕಥೆಯ ಜೀವಾಳ ಇರುವುದೇ ಅಲ್ಲಿ. ಗೆದ್ದ ಕೋಲೆಹ್ಮೈನೆನ್‌ಗೆ ಆಗ ಮೂವತ್ತು, ಲೋಸ್ಮನ್‌ಗೆ ಇಪ್ಪತ್ತೊಂಬತ್ತು. ಮ್ಯಾರಥಾನ್ ಎಳೆಯರ ಓಟವಲ್ಲ. ಕಾಲಿನ ಎಲುಬು, ಸ್ನಾಯು, ಹೃದಯ ಇವೆಲ್ಲ ವರ್ಷಗಟ್ಟಲೆ ಓಡಿ ಓಡಿ ಹದಗೊಳ್ಳಬೇಕು. ಮೈಯಲ್ಲಿ ಕೂಡಿಟ್ಟ ಸಕ್ಕರೆಯಂಶ ಮೂವತ್ತು ಕಿಲೋಮೀಟರಿನ ಆಚೀಚೆ ತೀರುತ್ತ ಬರುತ್ತದೆ. ಆಮೇಲೆ ಕೊಬ್ಬನ್ನು ಉರಿಸಿ ಓಡುವುದನ್ನು ಮೈ ಕಲಿತಿರಬೇಕು. ಆ ಕಲಿಕೆಗೆ ಕಾಲ ಬೇಕು. ಅದಕ್ಕೇ ಇಂದಿನ ನಿಯಮದ ಪ್ರಕಾರ ಇಪ್ಪತ್ತು ವರ್ಷ ತುಂಬದವರನ್ನು ವಿಶ್ವಮಟ್ಟದ ಮ್ಯಾರಥಾನಿಗೆ ಇಳಿಸುವುದೇ ಇಲ್ಲ. ಅಂದರೆ ಇಂದಾಗಿದ್ದರೆ ಚೌಗುಲೆಯವರನ್ನು ಗೆರೆಯ ಹತ್ತಿರವೂ ಬಿಡುತ್ತಿರಲಿಲ್ಲ. ಓಟಗಾರನೊಬ್ಬ ನಿಜವಾಗಿ ಶುರು ಮಾಡಬೇಕಾದ ವಯಸ್ಸಿಗಿಂತ ಮೊದಲೇ ಅವರು ಒಲಿಂಪಿಕ್ಸಿನಲ್ಲಿ ಓಡಿ ಮುಗಿಸಿದ್ದರು. ಇಪ್ಪತ್ತೆರಡಕ್ಕೆ, ಇಪ್ಪತ್ತಾರಕ್ಕೆ, ಮೂವತ್ತಕ್ಕೆ ಅವರು ಇನ್ನೆಷ್ಟು ವೇಗವಾಗಿ ಓಡಬಹುದಿತ್ತು!

ಆ ಅವಕಾಶ ಬರಲಿಲ್ಲ. 1924ರ ಪ್ಯಾರಿಸ್ ಮ್ಯಾರಥಾನಿನಲ್ಲಿ ಭಾರತದಿಂದ ಓಡಿ ಮುಗಿಸಿದವರು ಮಹಾದೇವ್ ಸಿಂಗ್, 29ನೆಯ ಸ್ಥಾನ. ಒಲಿಂಪಿಕ್ಸಿನಲ್ಲಿ ಚೌಗುಲೆ ಹೆಸರು ಮತ್ತೆ ಕಾಣಿಸುವುದಿಲ್ಲ. ಒಂದು ಆಗಸ್ಟ್ ತಿಂಗಳು, ಅಷ್ಟೇ ಅವರ ಒಲಿಂಪಿಕ್ ಬದುಕು. 1936ರಲ್ಲಿ ಬರ್ಲಿನ್‌ನಲ್ಲಿ ಸಿ.ಎಸ್.ಎ. ಸ್ವಾಮಿ 37ನೆಯವರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಸುರತ್ ಸಿಂಗ್ ಮಾಥುರ್ 52ನೆಯವರು. ಅವರಿಗೆ ಹಿಡಿದದ್ದು 2 ಗಂಟೆ 58 ನಿಮಿಷ, ದೂರವೋ ಚೌಗುಲೆ ಓಡಿದ್ದಕ್ಕಿಂತ ಕಡಿಮೆ. ಚೌಗುಲೆಯವರ ಹತ್ತೊಂಬತ್ತನ್ನು ಹಿಂದಿಕ್ಕಲು 1976ರ ಮಾಂಟ್ರಿಯಲ್‌ವರೆಗೆ ಕಾಯಬೇಕಾಯಿತು. ಅಲ್ಲಿ ಹನ್ನೊಂದನೆಯವರಾದವರು ಬಿಹಾರದ ಹಳ್ಳಿಯಿಂದ ಸೈನ್ಯಕ್ಕೆ ಸೇರಿದ್ದ ಶಿವನಾಥ್ ಸಿಂಗ್. ಅವರೂ ಎಷ್ಟೋ ಸಲ ಬರಿಗಾಲಿಗೆ ಪಟ್ಟಿ ಸುತ್ತಿಕೊಂಡು ಓಡುತ್ತಿದ್ದವರೇ. ಒಬ್ಬ ಬೆಳಗಾವಿಯ ಹುಡುಗನ ಓಟ ಐವತ್ತಾರು ವರ್ಷ ಒಂದು ದೇಶದ ಅತ್ಯುತ್ತಮ ಸ್ಥಾನವಾಗಿ ಉಳಿಯಿತು.

ನೆನಪನ್ನು ಹೇಗೆ ಇಟ್ಟುಕೊಳ್ಳುತ್ತಾರೆ ಎನ್ನುವುದಕ್ಕೆ ಬೇರೊಂದು ದೇಶದ ಮಾತು ಹೇಳಬೇಕು. ಐರ್ಲೆಂಡ್ ಕೂಡ ಆಗ ನಮ್ಮಂತೆಯೇ ಅದೇ ದೊರೆಯ ಕೆಳಗಿತ್ತು. ಅಲ್ಲಿ ಹರ್ಲಿಂಗ್ ಎನ್ನುವ ಆಟವಿದೆ. ಚಪ್ಪಟೆ ತುದಿಯ ಮರದ ಕೋಲಿನಿಂದ ಸಣ್ಣ ಚರ್ಮದ ಚೆಂಡನ್ನು ನೆಲದ ಮೇಲೂ ಗಾಳಿಯಲ್ಲೂ ಹೊಡೆಯುತ್ತ ಓಡುವ, ಬಲು ಜೋರಿನ ಆಟ. 1884ರಲ್ಲಿ ಶುರುವಾದ ಗೇಲಿಕ್ ಕ್ರೀಡಾಸಂಸ್ಥೆ ಅದನ್ನು ಊರೂರಿಗೆ ಕಟ್ಟಿಬೆಳೆಸಿತು. ಆಟಗಾರನಿಗೆ ಇಂದಿಗೂ ಸಂಬಳವಿಲ್ಲ, ಹುಟ್ಟಿದ ಊರಿಗಾಗಿ ಆಡುತ್ತಾನೆ. ಚೌಗುಲೆ ಓಡಿದ ಮೂರು ತಿಂಗಳಿಗೆ, 1920ರ ನವೆಂಬರ್ 21ರಂದು, ಡಬ್ಲಿನ್ನಿನ ಕ್ರೋಕ್ ಪಾರ್ಕ್ ಮೈದಾನದಲ್ಲಿ ಅದೇ ಸಂಸ್ಥೆಯ ಗೇಲಿಕ್ ಫುಟ್‌ಬಾಲ್ ಪಂದ್ಯ ನಡೆಯುತ್ತಿದ್ದಾಗ ಬ್ರಿಟಿಷ್ ಪಡೆಗಳು ಗುಂಡು ಹಾರಿಸಿದವು. ಹದಿನಾಲ್ಕು ಜನ ಸತ್ತರು. ಟಿಪ್ಪರರಿ ತಂಡದ ಮೈಕೆಲ್ ಹೋಗನ್ ಅವರಲ್ಲೊಬ್ಬ. ಎಂಬತ್ತೆರಡು ಸಾವಿರ ಜನ ಹಿಡಿಸುವ ಇಂದಿನ ಆ ಕ್ರೀಡಾಂಗಣದ ಒಂದು ಬದಿಗೆ ಅವನ ಹೆಸರೇ ಇದೆ, ಗೆದ್ದ ತಂಡ ಕಪ್ ಎತ್ತುವುದು ಅಲ್ಲಿಂದಲೇ. ಕ್ಲೇರ್ ಸೀಮೆಯ ಟಾಮಿ ಡಾಲಿ ಎಂಬ ಗೋಲ್‌ಕೀಪರ್ ಇದ್ದ. ಡಬ್ಲಿನ್ ಪರವಾಗಿ ಆಡಿ 1917, 1920, 1924, 1927ರಲ್ಲಿ ಅಖಿಲ ಐರ್ಲೆಂಡ್ ಹರ್ಲಿಂಗ್ ಪಟ್ಟ ಗೆದ್ದವ. 1936ರಲ್ಲಿ ನಲವತ್ತರ ಆಸುಪಾಸಿನಲ್ಲಿ ಮೋಟಾರು ಅಪಘಾತದಲ್ಲಿ ತೀರಿಕೊಂಡ. ಅವನ ಮೇಲೆ ಕಟ್ಟಿದ ಶೋಕಗೀತೆ ಇಂದಿಗೂ ಉಳಿದಿದೆ. ಬಡ ದೇಶ, ಹಣವಿಲ್ಲದ ಆಟ, ಆದರೂ ಊರು ತನ್ನ ಆಟಗಾರನನ್ನು ಕೈಬಿಡಲಿಲ್ಲ. ನಾವು ಪೈಲ್ವಾನರನ್ನು ನೆನೆಯುವ ರೀತಿಯೂ ಹಾಗೆಯೇ ಇದೆ. ಆ ಪಾಲು ಓಟಗಾರನಿಗೆ ಸಿಗಲಿಲ್ಲ ಎನ್ನುವುದೇ ನನ್ನ ಸಂಕಟ.

ಫಡೆಪ್ಪ ಚೌಗುಲೆ 1952ರಲ್ಲಿ ತೀರಿಕೊಂಡರು. ಐವತ್ತೇ ವರ್ಷದ ಆಯುಷ್ಯ. ಹೆಲ್ಸಿಂಕಿ ಒಲಿಂಪಿಕ್ಸ್ ನಡೆದದ್ದೂ ಅದೇ ವರ್ಷ. ಅಲ್ಲಿ ಗೋಪುರದ ಮೇಲೆ ಒಲಿಂಪಿಕ್ ಜ್ಯೋತಿ ಬೆಳಗಿದವರು, ಆಂಟ್‌ವರ್ಪಿನಲ್ಲಿ ಚೌಗುಲೆಯವರಿಗಿಂತ ಮುಂದೆ ಓಡಿ ಗೆದ್ದಿದ್ದ ಅದೇ ಕೋಲೆಹ್ಮೈನೆನ್, ಆಗ ಅರವತ್ತು ದಾಟಿದ ಮುದುಕ. ಫಿನ್ಲೆಂಡ್ ತನ್ನ ಓಟಗಾರನನ್ನು ಅಷ್ಟು ಎತ್ತರದಲ್ಲಿ ನಿಲ್ಲಿಸಿತು. ಅದೇ ಕೂಟದಲ್ಲಿ ಕರಾಡ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವ್ ಕುಸ್ತಿಯಲ್ಲಿ ಕಂಚು ಗೆದ್ದು, ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಪದಕ ತಂದರು. ಅವರನ್ನು ಕಳಿಸಲು ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನೇ ಒತ್ತೆ ಇಟ್ಟಿದ್ದರು. ಕುಸ್ತಿಗೆ ಅಂಥ ಮನೆಗಳಿದ್ದವು, ಅಂಥ ಮನುಷ್ಯರಿದ್ದರು. ಅವರಿಗೆ ನಮಸ್ಕಾರ. ಓಟಕ್ಕೂ ಇಂಥವರು ಸಿಕ್ಕಿದ್ದರೆ ಎಂದು ಅನಿಸದೆ ಇರದು.

ಈಗಿನ ಹುಡುಗರ ವಿಷಯಕ್ಕೆ ಬಂದರೆ ಇದು ಹಳೆಯ ಕಥೆಯಾಗಿ ಉಳಿಯುವುದಿಲ್ಲ. ನಮ್ಮ ಈ ಊರುಗಳಲ್ಲಿ ಇಂದು ಸಾವಿರಾರು ಹುಡುಗರು, ಈಚೆಗೆ ಹುಡುಗಿಯರೂ, ಭರ್ತಿಗಾಗಿ ಓಡುತ್ತಾರೆ. ಕಬ್ಬಿನ ಟ್ರ್ಯಾಕ್ಟರ್ ಸಾಲು ಶುರುವಾಗುವ ಮುಂಚೆ ರಸ್ತೆ ಬದಿಗೆ, ಕೆನಾಲ್ ದಂಡೆಗೆ, ಶಾಲೆಯ ಬಯಲಿಗೆ ಬರುತ್ತಾರೆ. ನೌಕರಿ ಸಿಕ್ಕರೆ ಓಟ ನಿಂತಿತು. ಸಿಗದೆ ವಯೋಮಿತಿ ದಾಟಿದರೂ ಓಟ ನಿಂತಿತು. ಇಪ್ಪತ್ತೈದರ ಹೊತ್ತಿಗೆ ಎರಡರಲ್ಲಿ ಒಂದು ಆಗಿಹೋಗುತ್ತದೆ. ದೂರದ ಓಟಗಾರನ ಕಾಲು ಹದಕ್ಕೆ ಬರುವ ವಯಸ್ಸು ಅದೇ. ಚೌಗುಲೆಯವರ ಮೈ ತನ್ನ ಪೂರ್ತಿ ಶಕ್ತಿ ತೋರಿಸುವ ಮುಂಚೆಯೇ ಅವರ ಒಲಿಂಪಿಕ್ ಓಟ ನಿಂತಿತ್ತು. ಇಂದಿನ ಹುಡುಗರದೂ ಹಾಗೇ ನಿಲ್ಲುತ್ತಿದೆ. 1600 ಮೀಟರಿನಾಚೆಗೆ ಅವರನ್ನು ಯಾರೂ ಓಡಿಸಿ ನೋಡುವುದಿಲ್ಲ. ಐದು ಸಾವಿರಕ್ಕೆ, ಹತ್ತು ಸಾವಿರಕ್ಕೆ, ಅರ್ಧ ಮ್ಯಾರಥಾನಿಗೆ ಬೇಕಾದ ಕಾಲು ಅವರಲ್ಲಿ ಯಾರಿಗಿದೆ ಎಂದು ಗೊತ್ತಾಗುವುದಾದರೂ ಹೇಗೆ?

ಬನಹಟ್ಟಿಯ ಕಾಡಸಿದ್ಧೇಶ್ವರ, ಮಹಾಲಿಂಗಪುರದ ಮಹಾಲಿಂಗೇಶ್ವರರಿಂದ ಹಿಡಿದು ನಮ್ಮ ಸಣ್ಣಪುಟ್ಟ ಊರುಗಳ ದೇವರವರೆಗೆ ನಡೆಯುವ ಜಾತ್ರೆಗಳಲ್ಲಿ ಕುಸ್ತಿಗೆ, ತೆರಬಂಡಿಗೆ, ಭಾರ ಎತ್ತುವುದಕ್ಕೆ ಇನಾಮು ಇಡುವ ಊರುಗಳು ಎಷ್ಟೋ ಇವೆ. ಇನಾಮಿಗೆ ಹಣ ಹಾಕುವ ಜನ ಇದ್ದಾರೆ, ನೋಡುವ ಜನ ಇದ್ದಾರೆ, ಪಂಚರು ಇದ್ದಾರೆ. ಅದರ ಜೊತೆಗೆ ಹತ್ತು ಹದಿನೈದು ಕಿಲೋಮೀಟರಿನ ಒಂದು ರಸ್ತೆ ಓಟ ಸೇರಿಸಿದರೆ ಜಾತ್ರಾ ಕಮಿಟಿಗೆ ಆಗುವ ಖರ್ಚು ದೊಡ್ಡದಲ್ಲ: ಒಂದು ಗಡಿಯಾರ, ನಡುನಡುವೆ ನೀರಿನ ಕೊಡ, ಹಿಂದೆ ಒಂದು ಗಾಡಿ. ರಬಕವಿ-ಜಮಖಂಡಿ, ಮಹಾಲಿಂಗಪುರ-ಮುಧೋಳ ದಾರಿಗಳಲ್ಲಿ ಅಷ್ಟು ದೂರದ ರಸ್ತೆ ಇದ್ದೇ ಇದೆ. ಮುಂಜಾನೆ ಐದೂವರೆಗೆ ಬಿಟ್ಟರೆ ಬಿಸಿಲು ಏರುವ ಮೊದಲೇ ಮುಗಿಯುತ್ತದೆ. ಓಟಕ್ಕೆ ಫಡೆಪ್ಪ ದರೆಪ್ಪ ಚೌಗುಲೆ ಹೆಸರಿಡಲಿ, ಗೆದ್ದವನಿಗೆ ಕುಸ್ತಿ ಕಣದಲ್ಲೇ, ಅದೇ ಹಲಗೆ ಬಾರಿಸಿ, ಪೈಲ್ವಾನನ ಪಕ್ಕದಲ್ಲಿ ನಿಲ್ಲಿಸಿ ಬೆಳ್ಳಿ ಕಡಗ ತೊಡಿಸಲಿ. ಈ ವರ್ಷದ ಜಾತ್ರೆಗಳ ಪಟ್ಟಿ ಹಾಕುವಾಗ ಕಮಿಟಿಯವರು ಇದನ್ನು ಒಮ್ಮೆ ಮಾತಿಗೆ ತರಬೇಕೆಂದು ಕೇಳಿಕೊಳ್ಳುತ್ತೇನೆ.